ಕಾಪಿ ಆಯಿತು ಎಂದರೆ ಬರೆದಾಯಿತು ಎಂದಲ್ಲ

ಪೆನ್‌ಡ್ರೈವನ್ನು ಕಂಪ್ಯೂಟರಿನಿಂದ ಹಾಗೇ ಎಳೆದುಕೊಂಡರೆ ಏನಾಗುತ್ತದೆ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ‘ಏನೂ ಆಗಲ್ಲ, ನಾವು ದಿನಾ ಹಾಗೇ ಎಳೀತೀವಿ.’ ಈ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡವರು, ಶಾಲೆಯ ಆಫೀಸಿನಲ್ಲಿ ಅಂಕಪಟ್ಟಿ ಹಾಕಿಸಿಕೊಂಡವರು, ಸ್ಟುಡಿಯೊದಲ್ಲಿ ಮದುವೆಯ ಫೋಟೊ ತುಂಬಿಸಿಕೊಂಡವರು ಸರಕ್ಕನೆ ಎಳೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಹೆಚ್ಚಿನ ಸಲ ನಿಜಕ್ಕೂ ಏನೂ ಆಗುವುದಿಲ್ಲ. ಆಗುವ ಒಂದು ಸಲಕ್ಕೆ ಮಾತ್ರ ಮುನ್ಸೂಚನೆ ಇರುವುದಿಲ್ಲ. ಎಳೆದ ಗಳಿಗೆಯಲ್ಲಿ ಸದ್ದಿಲ್ಲ, ಹೊಗೆಯಿಲ್ಲ. ಮನೆಗೆ ಹೋಗಿ ಚುಚ್ಚಿದಾಗ ಫೋಲ್ಡರ್ ಖಾಲಿ ಕಾಣುತ್ತದೆ, ಇಲ್ಲವೇ ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸೂಚನೆ ಎದುರಾಗುತ್ತದೆ. ಆಗ ಬೈಯಿಸಿಕೊಳ್ಳುವುದು ಪೆನ್‌ಡ್ರೈವ್ ಕಂಪನಿ ಅಥವಾ ವೈರಸ್. ಎಳೆದ ಕೈಯನ್ನು ಯಾರೂ ಅನುಮಾನಿಸುವುದಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳೋಣ. ಹಾಗೇ ಎಳೆದರೆ ಕರೆಂಟ್ ಶಾರ್ಟ್ ಆಗಿ ಪೆನ್‌ಡ್ರೈವ್ ಸುಟ್ಟುಹೋಗುತ್ತದೆ ಎಂದು ಹೆದರಿಸುವವರಿದ್ದಾರೆ. ಅದು ಸರಿಯಲ್ಲ. 1996ರಲ್ಲಿ ಯುಎಸ್‌ಬಿ ಬಂದದ್ದೇ ಕಂಪ್ಯೂಟರ್ ಚಾಲೂ ಇರುವಾಗಲೇ ಸಾಧನಗಳನ್ನು ಸಿಕ್ಕಿಸಿ ಬಿಚ್ಚಲು ಆಗಬೇಕು ಎಂಬ ಉದ್ದೇಶದಿಂದ. ನಮಗೆಲ್ಲ ಪರಿಚಿತವಾದ ಚಪ್ಪಟೆ ಯುಎಸ್‌ಬಿ ಮೂತಿಯ ಒಳಗೆ ನೋಡಿದರೆ ನಾಲ್ಕು ಲೋಹದ ಪಟ್ಟಿಗಳು ಕಾಣುತ್ತವೆ. ಅಂಚಿನ ಎರಡು ವಿದ್ಯುತ್ತಿನವು, ನಡುವಿನ ಎರಡು ಮಾಹಿತಿಯವು. ವಿದ್ಯುತ್ತಿನ ಪಟ್ಟಿಗಳು ತುಸು ಉದ್ದ. ಹಾಗಾಗಿ ಸಿಕ್ಕಿಸುವಾಗ ವಿದ್ಯುತ್ ಮೊದಲು ತಲುಪುತ್ತದೆ, ಎಳೆಯುವಾಗ ಕೊನೆಗೆ ಕಡಿಯುತ್ತದೆ. ಯಂತ್ರವನ್ನು ಕಾಪಾಡಲು ಎಂಜಿನಿಯರುಗಳು ಇಷ್ಟು ಮುಂದಾಲೋಚನೆ ಮಾಡಿದ್ದಾರೆ. ಅಪಾಯ ಇರುವುದು ಯಂತ್ರಕ್ಕಲ್ಲ, ಅದರೊಳಗಿನ ಬರಹಕ್ಕೆ.

ಕಂಪ್ಯೂಟರಿನಲ್ಲಿ ಫೈಲನ್ನು ಕಾಪಿ ಮಾಡಿದಾಗ ಅದು ಸೀದಾ ಪೆನ್‌ಡ್ರೈವಿಗೆ ಹೋಗಿ ಕೂರುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗೆ ಆಗಲೇಬೇಕೆಂದಿಲ್ಲ. ಕಂಪ್ಯೂಟರಿನ ರ‍್ಯಾಮ್ ಸೆಕೆಂಡಿಗೆ ಹಲವು ಜಿಬಿಯಷ್ಟು ಮಾಹಿತಿಯನ್ನು ನುಂಗಬಲ್ಲದು. ಅಗ್ಗದ ಪೆನ್‌ಡ್ರೈವ್ ಸೆಕೆಂಡಿಗೆ 10 ಎಂಬಿ ಬರೆದರೆ ಹೆಚ್ಚು. ಆ ಲೆಕ್ಕದಲ್ಲಿ 1 ಜಿಬಿಯ ವಿಡಿಯೊ ಬರೆಯಲು ಒಂದೂವರೆ ನಿಮಿಷಕ್ಕೂ ಮೀರಿ ಬೇಕು. ಅಷ್ಟು ಹೊತ್ತು ಬಳಕೆದಾರನನ್ನು ಕಾಯಿಸಬಾರದು ಎಂದು ಆಪರೇಟಿಂಗ್ ಸಿಸ್ಟಂ ಫೈಲನ್ನು ರ‍್ಯಾಮಿನಲ್ಲಿ ಇಳಿಸಿಕೊಂಡು ‘ಆಯಿತು’ ಎಂದುಬಿಡುತ್ತದೆ. ಬಿಡುವಾದಾಗ ಸ್ವಲ್ಪ ಸ್ವಲ್ಪವಾಗಿ ಪೆನ್‌ಡ್ರೈವಿಗೆ ಬರೆಯುತ್ತದೆ. ಕಿರಾಣಿ ಅಂಗಡಿಯವರು ಹಗಲಿನ ಗಿರಾಕಿ ಗದ್ದಲದಲ್ಲಿ ಸಾಲದ ಲೆಕ್ಕವನ್ನು ಚೀಟಿಯಲ್ಲಿ ಗೀಚಿಟ್ಟು, ರಾತ್ರಿ ಬಾಗಿಲು ಹಾಕುವ ಮುನ್ನ ಖಾತೆ ಪುಸ್ತಕಕ್ಕೆ ಏರಿಸುತ್ತಾರಲ್ಲ, ಇದೂ ಅದೇ ಪದ್ಧತಿ. ಪುಸ್ತಕಕ್ಕೆ ಏರಿಸುವ ಮುಂಚೆ ಚೀಟಿ ಕಳೆದರೆ ಆ ಲೆಕ್ಕ ಹೋದಂತೆಯೇ. ಕಂಪ್ಯೂಟರಿನ ಭಾಷೆಯಲ್ಲಿ ಇದಕ್ಕೆ ರೈಟ್ ಕ್ಯಾಶಿಂಗ್ ಎಂದು ಹೆಸರು.

ಲಿನಕ್ಸ್ ಬಳಸುವವರು ಇದನ್ನು ಕಣ್ಣಾರೆ ನೋಡಬಹುದು. ದೊಡ್ಡ ಫೈಲೊಂದನ್ನು ಕಾಪಿಗೆ ಹಾಕಿದರೆ, ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ ಮಿಂಚಿನ ವೇಗದಲ್ಲಿ ಓಡಿ, ಕೊನೆಗೆ ಬಂದು ನಿಂತುಬಿಡುತ್ತದೆ. ಕೆಲವೊಮ್ಮೆ ಪಟ್ಟಿ ಪೂರ್ತಿಯಾಗಿ ಮಾಯವಾದ ಮೇಲೂ ಪೆನ್‌ಡ್ರೈವಿನ ದೀಪ ಮಿನುಗುತ್ತಲೇ ಇರುತ್ತದೆ. ಲಿನಕ್ಸಿನ ಸಾಮಾನ್ಯ ಏರ್ಪಾಡಿನಲ್ಲಿ ಹೀಗೆ ಬಾಕಿ ಉಳಿದ ಮಾಹಿತಿ ಸುಮಾರು 30 ಸೆಕೆಂಡಿನವರೆಗೆ ರ‍್ಯಾಮಿನಲ್ಲೇ ಕಾಯುತ್ತಾ ಕೂರಬಹುದು. ಬರೆಯುವ ಕೆಲಸ ಶುರುವಾಗುವುದು ಆಮೇಲೆ. ಅದೇ ಹೊತ್ತಿಗೆ ಎಳೆದವನ ಪೆನ್‌ಡ್ರೈವಿನಲ್ಲಿ ಫೈಲಿನ ಹೆಸರು ಇರಬಹುದು, ಒಳಗೆ ತಿರುಳು ಇರುವುದಿಲ್ಲ.

ಕಾಪಿ ಮಾಡುತ್ತಿದ್ದ ಫೈಲೊಂದೇ ಹಾಳಾಗುವುದಾದರೆ ಚಿಂತೆ ಇರಲಿಲ್ಲ, ಇನ್ನೊಮ್ಮೆ ಕಾಪಿ ಮಾಡಿಕೊಳ್ಳಬಹುದಿತ್ತು. ನಿಜವಾದ ನಷ್ಟ ಬೇರೆ ಕಡೆ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೆನ್‌ಡ್ರೈವಿನಲ್ಲಿ ಫೈಲುಗಳ ಜೊತೆಗೆ ಆ ಫೈಲುಗಳ ಲೆಕ್ಕವೂ ಇರುತ್ತದೆ. ಯಾವ ಫೈಲಿನ ಹೆಸರೇನು, ಅದು ಎಲ್ಲಿ ಶುರುವಾಗುತ್ತದೆ, ಅದರ ತುಂಡುಗಳು ಎಲ್ಲೆಲ್ಲಿ ಹರಡಿಕೊಂಡಿವೆ, ಯಾವ ಜಾಗ ಖಾಲಿ ಇದೆ ಎಂಬುದೆಲ್ಲ ಆ ಲೆಕ್ಕದಲ್ಲಿ ದಾಖಲಾಗಿರುತ್ತದೆ. ಒಂದು ಸಣ್ಣ ಫೈಲನ್ನು ಸೇರಿಸಿದರೂ ಈ ಲೆಕ್ಕವನ್ನು ಎರಡು ಮೂರು ಕಡೆ ತಿದ್ದಬೇಕಾಗುತ್ತದೆ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ತಿದ್ದುವ ಮೊದಲು ವಿದ್ಯುತ್ ಹೋದರೆ ಎರಡೂ ಕಡೆಯ ಲೆಕ್ಕ ತಾಳೆಯಾಗುವುದಿಲ್ಲ. ಆಗ ಹಾನಿ ಹೊಸ ಫೈಲಿಗಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ಎರಡು ವರ್ಷದ ಹಿಂದೆ ಹಾಕಿಟ್ಟ, ಅಂದು ತೆರೆದೂ ನೋಡದ ಫೋಟೊಗಳ ಇಡೀ ಫೋಲ್ಡರ್ ಕಾಣೆಯಾಗಬಹುದು. ಫೋಟೊಗಳು ಅಲ್ಲೇ ಇರುತ್ತವೆ. ಎಲ್ಲಿವೆ ಎಂದು ಹೇಳುವ ಲೆಕ್ಕ ಮಾತ್ರ ಇರುವುದಿಲ್ಲ.

ಈ ಲೆಕ್ಕ ಇಡುವ ಕ್ರಮಗಳಲ್ಲಿ ಗಟ್ಟಿಯವೂ ಇವೆ, ದುರ್ಬಲವಾದವೂ ಇವೆ. ವಿಂಡೋಸ್ ಕಂಪ್ಯೂಟರಿನ ಒಳಗಿನ ಡಿಸ್ಕ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಕ್ರಮ 1993ರಿಂದಲೂ ಇದೆ. ಅದು ಏನನ್ನಾದರೂ ತಿದ್ದುವ ಮೊದಲು ‘ಇಂಥದ್ದನ್ನು ತಿದ್ದಲಿದ್ದೇನೆ’ ಎಂದು ಒಂದು ದಿನಚರಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ ಮುಂದಿನ ಸಲ ಆ ದಿನಚರಿ ನೋಡಿ ಸರಿಪಡಿಸಿಕೊಳ್ಳುತ್ತದೆ. ಲಿನಕ್ಸಿನ ಎಕ್ಸ್ಟ್4 ಕೂಡ ಇದೇ ಜಾಣತನದ್ದು. ಆದರೆ ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಟಿವಿ, ಕಾರಿನ ಸ್ಟೀರಿಯೊ, ಮ್ಯಾಕ್, ವಿಂಡೋಸ್ ಎಲ್ಲದರಲ್ಲೂ ಓದಲು ಬರುತ್ತದೆ ಎಂಬ ಅನುಕೂಲಕ್ಕೆ ಇವನ್ನು ಆರಿಸುತ್ತಾರೆ. ಇವೆರಡರಲ್ಲೂ ಆ ದಿನಚರಿ ಇಲ್ಲ. ಫ್ಯಾಟ್32 ತನ್ನ ಲೆಕ್ಕದ ಕೋಷ್ಟಕದ ಎರಡು ಪ್ರತಿಗಳನ್ನಾದರೂ ಇಟ್ಟುಕೊಳ್ಳುತ್ತದೆ. ಎಕ್ಸ್‌ಫ್ಯಾಟ್ ಸಾಮಾನ್ಯವಾಗಿ ಒಂದೇ ಪ್ರತಿಯಲ್ಲಿ ಸಂಸಾರ ನಡೆಸುತ್ತದೆ. 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡುಗಳು ಬರುವುದೇ ಎಕ್ಸ್‌ಫ್ಯಾಟ್‌ನಲ್ಲಿ. ಅಂದರೆ ಮದುವೆ ಮನೆಯ ಫೋಟೊಗ್ರಾಫರ್ ಕೈಯಲ್ಲಿರುವ, ಮರುಚಿತ್ರಣಕ್ಕೆ ಅವಕಾಶವೇ ಇಲ್ಲದ ಚಿತ್ರಗಳು ಕೂತಿರುವುದು ಅತ್ಯಂತ ಕಡಿಮೆ ರಕ್ಷಣೆ ಇರುವ ಜಾಗದಲ್ಲಿ. ನಮ್ಮ ಕಂಪ್ಯೂಟರ್ ಅಭ್ಯಾಸಗಳಲ್ಲಿ ನನಗೆ ಅತಿ ಹೆಚ್ಚು ಕಳವಳ ತರುವ ಸಂಗತಿ ಇದು.

ಪೆನ್‌ಡ್ರೈವಿನ ಒಳಗೂ ಒಂದು ಗೃಹಕೃತ್ಯ ನಡೆಯುತ್ತಿರುತ್ತದೆ. ಅದರ ಫ್ಲ್ಯಾಶ್ ಚಿಪ್ಪಿನಲ್ಲಿ ಬರೆದದ್ದನ್ನು ಇದ್ದಲ್ಲೇ ಅಳಿಸಿ ತಿದ್ದಲು ಬರುವುದಿಲ್ಲ. ಬರೆಯುವುದು ಸಣ್ಣ ಸಣ್ಣ ಪುಟಗಳಲ್ಲಿ, ಅಳಿಸುವುದು ಮಾತ್ರ ಅಂಥ ನೂರಾರು ಪುಟಗಳ ದೊಡ್ಡ ಕಟ್ಟಾಗಿ. ಹಾಗಾಗಿ ಪೆನ್‌ಡ್ರೈವಿನೊಳಗಿನ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಮಾಹಿತಿಯನ್ನು ಒಂದು ಕಟ್ಟಿನಿಂದ ಇನ್ನೊಂದಕ್ಕೆ ಸಾಗಿಸುತ್ತಾ, ಯಾವುದು ಎಲ್ಲಿಗೆ ಹೋಯಿತು ಎಂದು ತನ್ನದೇ ನಕ್ಷೆ ಇಟ್ಟುಕೊಂಡಿರುತ್ತದೆ. ಕಂಪ್ಯೂಟರ್ ತನ್ನ ಕೆಲಸ ಮುಗಿಸಿದ ಮೇಲೂ ಈ ಸಾಗಾಟ ಕೆಲ ಕ್ಷಣ ನಡೆಯುತ್ತಿರಬಹುದು. ದೊಡ್ಡ ಕಂಪನಿಗಳ ಸರ್ವರಿನಲ್ಲಿ ಬಳಸುವ ಎಸ್‌ಎಸ್‌ಡಿಗಳಲ್ಲಿ, ಹಠಾತ್ತನೆ ಕರೆಂಟ್ ಹೋದರೂ ಕೈಯಲ್ಲಿರುವ ಕೆಲಸ ಮುಗಿಸುವಷ್ಟು ವಿದ್ಯುತ್ ಹಿಡಿದಿಡುವ ಕೆಪಾಸಿಟರುಗಳಿರುತ್ತವೆ. ನಾಲ್ಕೈದು ನೂರು ರೂಪಾಯಿಯ ಪೆನ್‌ಡ್ರೈವಿನಲ್ಲಿ ಅವಿಲ್ಲ. ನಕ್ಷೆಯೇ ಅರ್ಧಕ್ಕೆ ನಿಂತರೆ ಪೆನ್‌ಡ್ರೈವ್ ಕಂಪ್ಯೂಟರಿಗೆ ಗುರುತೇ ಸಿಗದಂತಾಗಬಹುದು. ಅಂಥವನ್ನು ಮನೆಯಲ್ಲಿ ಸರಿಪಡಿಸಲು ಸಾಧ್ಯವಿಲ್ಲ.

ಈಗ 2018ರ ವಿಷಯಕ್ಕೆ ಬರೋಣ, ಏಕೆಂದರೆ ‘ಇನ್ನು ಮುಂದೆ ಎಜೆಕ್ಟ್ ಮಾಡಬೇಕಾಗಿಲ್ಲವಂತೆ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಎಜೆಕ್ಟ್ ಎಂದರೆ ಎಳೆಯುವ ಮೊದಲು ‘ಇದನ್ನು ತೆಗೆಯುತ್ತೇನೆ’ ಎಂದು ಕಂಪ್ಯೂಟರಿಗೆ ಹೇಳುವ ಆಯ್ಕೆ. ವಿಂಡೋಸ್ 10ರ 1809 ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಒಂದು ಬದಲಾವಣೆ ಮಾಡಿತು. ಹೊರಗಿನಿಂದ ಸಿಕ್ಕಿಸುವ ಸಾಧನಗಳಿಗೆ ವಿಂಡೋಸಿನಲ್ಲಿ ಎರಡು ನೀತಿಗಳಿವೆ. ಒಂದು ‘ಬೆಟರ್ ಪರ್ಫಾರ್ಮೆನ್ಸ್’: ರ‍್ಯಾಮಿನಲ್ಲಿ ಇಳಿಸಿಕೊಂಡು ನಿಧಾನಕ್ಕೆ ಬರೆಯುವ ಕ್ರಮ. ಇನ್ನೊಂದು ‘ಕ್ವಿಕ್ ರಿಮೂವಲ್’: ಹಾಗೆ ಬಾಕಿ ಇಟ್ಟುಕೊಳ್ಳದೆ ಆಗಿಂದಾಗಲೇ ಬರೆದು ಮುಗಿಸುವ ಕ್ರಮ. 1809ಕ್ಕಿಂತ ಮೊದಲು ತಾನಾಗಿ ಅನ್ವಯವಾಗುತ್ತಿದ್ದದ್ದು ಮೊದಲನೆಯದು. ಅಲ್ಲಿಂದ ಮುಂದೆ ಎರಡನೆಯದು. ಕ್ವಿಕ್ ರಿಮೂವಲ್ ಇದ್ದಾಗ ಎಜೆಕ್ಟ್ ಮಾಡದೆಯೂ ತೆಗೆಯಬಹುದು ಎಂದು ಮೈಕ್ರೋಸಾಫ್ಟ್ ತಾನೇ ಹೇಳಿದೆ. ಸುದ್ದಿ ಹರಡುವಾಗ ಈ ಮಾತಿನ ಅರ್ಧ ಭಾಗ ಮಾತ್ರ ಉಳಿದುಕೊಂಡಿತು.

ಬಿಟ್ಟುಹೋದ ಅರ್ಧ ಹೀಗಿದೆ. ಈ ನೀತಿ ಅನ್ವಯವಾಗುವುದು ವಿಂಡೋಸಿಗೆ ಮಾತ್ರ. ಮ್ಯಾಕ್‌ಗೂ ಲಿನಕ್ಸಿಗೂ ಇದಕ್ಕೂ ಸಂಬಂಧವಿಲ್ಲ. ವಿಂಡೋಸಿನಲ್ಲೂ ಪ್ರತಿ ಸಾಧನಕ್ಕೆ ಬೇರೆ ಬೇರೆಯಾಗಿ ಈ ನೀತಿಯನ್ನು ಬದಲಿಸಲು ಬರುತ್ತದೆ, ಮತ್ತು ನೀವು ಕೂತಿರುವ ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಯಾವುದಿದೆ ಎಂದು ನಿಮಗೆ ಗೊತ್ತಿರುವುದಿಲ್ಲ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ, ಡಿಟಿಪಿ ಸೆಂಟರುಗಳಲ್ಲಿ ವಿಂಡೋಸ್ 7 ಇರುವ ಹಳೆಯ ಸಿಸ್ಟಂಗಳು ಇನ್ನೂ ದುಡಿಯುತ್ತಿವೆ. ಕ್ವಿಕ್ ರಿಮೂವಲ್ ಇದ್ದರೂ ಬರೆಯುತ್ತಿರುವಾಗಲೇ ಎಳೆದರೆ ಅದು ಕಾಪಾಡುವುದಿಲ್ಲ. ಬರೆಯುತ್ತಿದೆಯೋ ಇಲ್ಲವೋ ಎಂದು ನಮಗೆ ಕಾಣುವುದೂ ಇಲ್ಲ, ಏಕೆಂದರೆ ಕಂಪ್ಯೂಟರಿನಲ್ಲಿ ನಾವು ಕೇಳದೆಯೇ ಪೆನ್‌ಡ್ರೈವನ್ನು ಮುಟ್ಟುವ ಕೆಲಸಗಳು ಹಲವಿವೆ. ಆ್ಯಂಟಿವೈರಸ್ ತಪಾಸಣೆ ಮಾಡುತ್ತಿರುತ್ತದೆ, ವರ್ಡ್ ತನ್ನ ತಾತ್ಕಾಲಿಕ ಫೈಲನ್ನು ಅಲ್ಲಿ ಇಟ್ಟಿರುತ್ತದೆ. ಹೀಗಾಗಿ ನನ್ನ ತೀರ್ಮಾನ: 2018ರ ಬದಲಾವಣೆ ಒಳ್ಳೆಯದು, ಮರೆತು ಎಳೆದವರಲ್ಲಿ ಅನೇಕರನ್ನು ಅದು ಉಳಿಸಿದೆ. ಅದು ಎಜೆಕ್ಟ್‌ಗೆ ಬದಲಿ ಅಲ್ಲ.

ಎಜೆಕ್ಟ್ ಒತ್ತಿದಾಗ ನಡೆಯುವುದೇನು? ಈ ಸಾಧನದ ಫೈಲನ್ನು ಯಾರಾದರೂ ತೆರೆದಿಟ್ಟುಕೊಂಡಿದ್ದಾರೆಯೇ ಎಂದು ಆಪರೇಟಿಂಗ್ ಸಿಸ್ಟಂ ಎಲ್ಲ ಪ್ರೋಗ್ರಾಂಗಳನ್ನೂ ವಿಚಾರಿಸುತ್ತದೆ. ಯಾರೂ ಇಲ್ಲವೆಂದರೆ ಹೊಸದಾಗಿ ಬರೆಯುವುದನ್ನು ನಿಲ್ಲಿಸಿ, ರ‍್ಯಾಮಿನಲ್ಲಿ ಬಾಕಿ ಇರುವುದನ್ನೆಲ್ಲ ಬರೆದು ಮುಗಿಸುತ್ತದೆ. ಲೆಕ್ಕವನ್ನು ತಾಳೆ ಮಾಡಿ, ಈ ಡಿಸ್ಕ್ ಸರಿಯಾಗಿ ಮುಚ್ಚಲ್ಪಟ್ಟಿದೆ ಎಂಬ ಗುರುತು ಹಾಕುತ್ತದೆ. ಇಷ್ಟೆಲ್ಲ ಆದ ಮೇಲೆ ‘ಈಗ ತೆಗೆಯಬಹುದು’ ಎಂಬ ಸೂಚನೆ ಬರುತ್ತದೆ. ಕಾಪಿಯ ಪಟ್ಟಿ ನೂರು ಪ್ರತಿಶತ ತೋರಿಸಿದ್ದು ಅಂದಾಜು. ಈ ಸೂಚನೆ ಕಂಪ್ಯೂಟರ್ ಕೊಡುವ ಮಾತು. ಎರಡರ ನಡುವೆ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳ ಅಂತರ. ದೊಡ್ಡ ಫೈಲಾದರೆ ನಿಮಿಷಗಳೂ ಆಗಬಹುದು, ಆಗ ಕಾಯಬೇಕು.

ಜನ ಬೇಸತ್ತು ಎಳೆಯುವುದು ಬಹಳ ಸಲ ಎಜೆಕ್ಟ್ ಒತ್ತಿದಾಗ ‘ಸಾಧನ ಬಳಕೆಯಲ್ಲಿದೆ’ ಎಂಬ ತಕರಾರು ಬಂದಾಗ. ಆ ತಕರಾರು ಕಿರಿಕಿರಿಗಾಗಿ ಬಂದದ್ದಲ್ಲ, ಎಳೆಯಬಾರದ ಹೊತ್ತು ಅದೇ. ಪೆನ್‌ಡ್ರೈವಿನಿಂದ ತೆರೆದ ಫೈಲುಗಳನ್ನೂ ಅದರ ಫೋಲ್ಡರಿನ ಕಿಟಕಿಯನ್ನೂ ಮುಚ್ಚಿ. ಫೋಟೊ ನೋಡುವ, ವಿಡಿಯೊ ಓಡಿಸುವ ಪ್ರೋಗ್ರಾಂಗಳನ್ನು ಪೂರ್ತಿ ಬಂದ್ ಮಾಡಿ. ಫೈಲನ್ನಷ್ಟೇ ಮುಚ್ಚಿದರೆ ಕೆಲವು ಪ್ರೋಗ್ರಾಂಗಳು ಹಿಡಿತ ಬಿಡುವುದಿಲ್ಲ. ಅರ್ಧ ನಿಮಿಷ ಬಿಟ್ಟು ಮತ್ತೆ ಎಜೆಕ್ಟ್ ಒತ್ತಿ. ಯಾವ ಪ್ರೋಗ್ರಾಂ ಬಿಡುತ್ತಿಲ್ಲ ಎಂದು ತಿಳಿಯಲೇಬೇಕೆಂಬ ಆಸಕ್ತರು ವಿಂಡೋಸಿನ ಇವೆಂಟ್ ವ್ಯೂವರ್ ತೆರೆದು, ಸಿಸ್ಟಂ ದಾಖಲೆಯಲ್ಲಿ 225 ಎಂಬ ಸಂಖ್ಯೆಯ ನಮೂದನ್ನು ಹುಡುಕಬಹುದು. ತಡೆದ ಪ್ರೋಗ್ರಾಮಿನ ಹೆಸರು ಅಲ್ಲಿ ಬರೆದಿರುತ್ತದೆ. ಯಾವುದಕ್ಕೂ ಜಗ್ಗದಿದ್ದರೆ ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ದೀಪ ಆರಿದ ಮೇಲೆ ತೆಗೆಯಿರಿ.

ಶಟ್‌ಡೌನ್ ಎಂದರೆ ಶಟ್‌ಡೌನೇ. ಲ್ಯಾಪ್‌ಟಾಪ್ ಮಡಚಿದರೆ ಅದು ನಿದ್ದೆ ಮಾತ್ರ. ಬಾಕಿ ಲೆಕ್ಕಗಳು ರ‍್ಯಾಮಿನಲ್ಲಿ ಇನ್ನೂ ಜೀವಂತ ಇರಬಹುದು. ಮಡಚಿದ ಲ್ಯಾಪ್‌ಟಾಪಿನಿಂದ ಹಾರ್ಡ್‌ಡಿಸ್ಕನ್ನು ಬಿಚ್ಚಿ, ಬೇರೆ ಕಂಪ್ಯೂಟರಿನಲ್ಲಿ ಅದಕ್ಕೆ ಇನ್ನೇನೋ ಬರೆದು, ಮರಳಿ ತಂದು ಸಿಕ್ಕಿಸಿದರೆ ಎಚ್ಚರವಾದ ಲ್ಯಾಪ್‌ಟಾಪ್ ತನ್ನ ಹಳೆಯ ಲೆಕ್ಕವನ್ನೇ ನಂಬಿ ಬರೆಯಲು ಹೊರಡುವ ಅಪಾಯವಿದೆ. ವಿಂಡೋಸ್ 8ರಿಂದ ಬಂದಿರುವ ‘ಫಾಸ್ಟ್ ಸ್ಟಾರ್ಟಪ್’ ಕೂಡ ಶಟ್‌ಡೌನನ್ನು ಅರ್ಧ ನಿದ್ದೆಯಾಗಿ ಬದಲಿಸುತ್ತದೆ. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಶಟ್‌ಡೌನ್ ಆರಿಸಿದರೆ ಪೂರ್ತಿಯಾಗಿ ಮುಚ್ಚುತ್ತದೆ.

ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕಿಗೆ ಇನ್ನೊಂದು ಎಚ್ಚರಿಕೆ ಬೇಕು. ಜೇಬಿನಲ್ಲಿ ಒಯ್ಯುವ ಸಾಮಾನ್ಯ ಹಾರ್ಡ್‌ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಅದರ ಮೇಲೆ ಓದುವ ತಲೆಯು ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ತೇಲುತ್ತಿರುತ್ತದೆ. ವಿದ್ಯುತ್ ಥಟ್ಟನೆ ಹೋದರೆ, ಇನ್ನೂ ತಿರುಗುತ್ತಿರುವ ಮೋಟರಿನಿಂದಲೇ ಒಂದಿಷ್ಟು ವಿದ್ಯುತ್ ಪಡೆದು ತಲೆಯನ್ನು ಪಕ್ಕದ ನಿಲುಗಡೆಗೆ ಸೇರಿಸುವ ಏರ್ಪಾಡಿದೆ. ಆದರೆ ಅದು ಆಪತ್ತಿಗೆ ಮಾಡಿದ ಏರ್ಪಾಡು. ನಿಧಾನವಾಗಿ ನಿಲ್ಲಿಸುವುದನ್ನು ಲಕ್ಷಗಟ್ಟಲೆ ಸಲ ತಾಳಿಕೊಳ್ಳುವ ಡಿಸ್ಕ್, ಹೀಗೆ ಹಠಾತ್ತಾಗಿ ನಿಲ್ಲುವುದನ್ನು ಅದಕ್ಕಿಂತ ತೀರಾ ಕಡಿಮೆ ಸಲ ತಾಳುತ್ತದೆ. ಎಜೆಕ್ಟ್ ಮಾಡಿದ ಮೇಲೂ ತಕ್ಷಣ ಎತ್ತಿಕೊಳ್ಳಬೇಡಿ. ಹತ್ತು ಸೆಕೆಂಡು ಬಿಡಿ, ಒಳಗಿನ ಸಣ್ಣ ನಡುಕ ನಿಂತದ್ದು ಬೆರಳಿಗೆ ತಿಳಿಯುತ್ತದೆ, ಆಮೇಲೆ ಬ್ಯಾಗಿಗೆ ಹಾಕಿ.

ಮ್ಯಾಕ್‌ನಲ್ಲಿ ಹಾಗೇ ಎಳೆದರೆ ‘ಡಿಸ್ಕ್ ಸರಿಯಾಗಿ ಎಜೆಕ್ಟ್ ಆಗಿಲ್ಲ’ ಎಂದು ಎಚ್ಚರಿಕೆ ಬರುತ್ತದೆ. ಮುಂದಿನ ಸಲ ಚುಚ್ಚಿದಾಗ ದೊಡ್ಡ ಎಕ್ಸ್‌ಫ್ಯಾಟ್ ಡಿಸ್ಕ್ ಕೆಲ ನಿಮಿಷ ಕಾಣಿಸದೇ ಇರಬಹುದು, ಏಕೆಂದರೆ ಮ್ಯಾಕ್ ಒಳಗೊಳಗೇ ಅದರ ಲೆಕ್ಕ ಪರಿಶೀಲಿಸುತ್ತಿರುತ್ತದೆ. ಡಿಸ್ಕ್ ಸತ್ತುಹೋಯಿತು ಎಂದು ಗಾಬರಿಯಾಗಿ ಮತ್ತೆ ಎಳೆಯುವವರು ಆ ದುರಸ್ತಿಯನ್ನೂ ಅರ್ಧಕ್ಕೆ ಕಡಿಯುತ್ತಾರೆ. ಮೊಬೈಲಿಗೆ ಒಟಿಜಿ ಮೂಲಕ ಪೆನ್‌ಡ್ರೈವ್ ಹಾಕುವವರಿಗೂ ಎಜೆಕ್ಟ್ ಇದೆ, ನೋಟಿಫಿಕೇಶನ್ ಪಟ್ಟಿಯಲ್ಲೋ ಸೆಟ್ಟಿಂಗ್ಸಿನ ಸ್ಟೋರೇಜ್ ವಿಭಾಗದಲ್ಲೋ ಸಿಗುತ್ತದೆ. ಮೊಬೈಲನ್ನೇ ಕಂಪ್ಯೂಟರಿಗೆ ಕೇಬಲ್ಲಿನಲ್ಲಿ ಜೋಡಿಸಿದಾಗ ಮಾತ್ರ ಪರಿಸ್ಥಿತಿ ಹಗುರ. ಇಂದಿನ ಆಂಡ್ರಾಯ್ಡ್ ಫೋನುಗಳು ತಮ್ಮ ಲೆಕ್ಕವನ್ನು ಕಂಪ್ಯೂಟರಿಗೆ ಬಿಟ್ಟುಕೊಡದೆ ತಾವೇ ನೋಡಿಕೊಳ್ಳುತ್ತವೆ. ಕಾಪಿ ಮುಗಿಯುವವರೆಗೆ ಕಾದರೆ ಸಾಕು.

ಒಂದು ಅಭ್ಯಾಸವನ್ನಂತೂ ಬಿಡಲೇಬೇಕು: ಪೆನ್‌ಡ್ರೈವಿನಲ್ಲಿರುವ ಫೈಲನ್ನು ಅಲ್ಲಿಯೇ ತೆರೆದು ತಿದ್ದುವುದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪುಸ್ತಕದ ಹಸ್ತಪ್ರತಿ, ಪ್ರಬಂಧ, ಸಂಘದ ಲೆಕ್ಕಪತ್ರ ಇವೆಲ್ಲ ಪೆನ್‌ಡ್ರೈವಿನಲ್ಲೇ ಹುಟ್ಟಿ ಪೆನ್‌ಡ್ರೈವಿನಲ್ಲೇ ಬೆಳೆಯುವುದನ್ನು ಡಿಟಿಪಿ ಸೆಂಟರುಗಳಲ್ಲಿ ನೋಡುತ್ತೇವೆ. ಗಂಟೆಗಟ್ಟಲೆ ಫೈಲ್ ತೆರೆದಿರುತ್ತದೆ, ನಡುವೆ ಕರೆಂಟ್ ಹೋಗುತ್ತದೆ, ಯುಪಿಎಸ್ ಬ್ಯಾಟರಿ ಮುಗಿದಿರುತ್ತದೆ. ಕರೆಂಟ್ ಹೋಗುವುದೂ ಪೆನ್‌ಡ್ರೈವ್ ಎಳೆಯುವುದೂ ಅದಕ್ಕೆ ಒಂದೇ. ಫೈಲನ್ನು ಮೊದಲು ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ, ಅಲ್ಲಿ ತಿದ್ದಿ, ಮುಗಿದ ಮೇಲೆ ಪೆನ್‌ಡ್ರೈವಿಗೆ ಹಾಕಿ, ಎಜೆಕ್ಟ್ ಮಾಡಿ.

ಇಷ್ಟಾದ ಮೇಲೂ ಅನಾಹುತ ಆದರೆ? ‘ಫಾರ್ಮ್ಯಾಟ್ ಮಾಡಬೇಕು’ ಎಂಬ ಸೂಚನೆಗೆ ಒಪ್ಪಿಗೆ ಕೊಡಬೇಡಿ. ಲೆಕ್ಕ ಕೆಟ್ಟಿದೆ, ಫೈಲುಗಳು ಬಹುಪಾಲು ಅಲ್ಲೇ ಇವೆ ಎಂಬುದನ್ನು ನೆನಪಿಡಿ. ಆ ಪೆನ್‌ಡ್ರೈವಿಗೆ ಹೊಸದಾಗಿ ಏನನ್ನೂ ಹಾಕಬೇಡಿ, ಏಕೆಂದರೆ ಹೊಸದು ಹಳೆಯ ಫೈಲುಗಳ ಮೇಲೆಯೇ ಕೂರಬಹುದು. ‘ಸ್ಕ್ಯಾನ್ ಮಾಡಿ ಸರಿಪಡಿಸಲೇ’ ಎಂದು ವಿಂಡೋಸ್ ಕೇಳಿದರೆ, ಫೈಲುಗಳು ತೆರೆಯುತ್ತಿವೆಯೇ ನೋಡಿ. ತೆರೆಯುತ್ತಿದ್ದರೆ ಅವನ್ನೆಲ್ಲ ಮೊದಲು ಬೇರೆ ಕಡೆಗೆ ಕಾಪಿ ಮಾಡಿ, ಆಮೇಲೆ ಸ್ಕ್ಯಾನ್‌ಗೆ ಬಿಡಿ. ಫೋಲ್ಡರುಗಳೇ ಕಾಣದಿದ್ದರೆ ಟೆಸ್ಟ್‌ಡಿಸ್ಕ್, ಫೋಟೊರೆಕ್ ಎಂಬ ಉಚಿತ ತಂತ್ರಾಂಶಗಳಿವೆ. ಫೋಟೊರೆಕ್ ಲೆಕ್ಕವನ್ನು ನೋಡುವುದೇ ಇಲ್ಲ. ಜೆಪೆಗ್ ಚಿತ್ರ ಹೇಗೆ ಆರಂಭವಾಗುತ್ತದೆ, ಪಿಡಿಎಫ್ ಹೇಗೆ ಆರಂಭವಾಗುತ್ತದೆ ಎಂಬ ಗುರುತು ಹಿಡಿದು ಇಡೀ ಡಿಸ್ಕನ್ನು ಜಾಲಾಡುತ್ತದೆ. ಫೈಲುಗಳ ಹೆಸರು ಮರಳುವುದಿಲ್ಲ, ಚಿತ್ರಗಳು ಅನೇಕ ಸಲ ಮರಳುತ್ತವೆ. ಸಿಕ್ಕಿದ ಫೈಲುಗಳನ್ನು ಅದೇ ಪೆನ್‌ಡ್ರೈವಿಗೆ ಉಳಿಸದೆ ಬೇರೆ ಡಿಸ್ಕಿಗೆ ಉಳಿಸಿ. ಹಾರ್ಡ್‌ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಯಾವ ತಂತ್ರಾಂಶವನ್ನೂ ಓಡಿಸದೆ ಅದನ್ನು ಬಿಚ್ಚಿಡಿ, ಡೇಟಾ ರಿಕವರಿ ಬಲ್ಲವರ ಕೈಗೆ ಕೊಡಿ.

ಅಂಗಡಿ ನಡೆಸುವವರಲ್ಲಿ, ಸ್ಟುಡಿಯೊದವರಲ್ಲಿ, ಶಾಲೆಯ ಕಂಪ್ಯೂಟರ್ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಗಿರಾಕಿ ಪೆನ್‌ಡ್ರೈವಿಗೆ ಕೈ ಚಾಚಿದಾಗ ‘ಒಂದ್ನಿಮಿಷ ಇರಿ, ತೆಗೆದು ಕೊಡ್ತೀನಿ’ ಎಂದು ನೀವೇ ಎಜೆಕ್ಟ್ ಮಾಡಿ ಕೊಡಿ. ಮಕ್ಕಳಿಗೆ ಕಾಪಿ, ಪೇಸ್ಟ್ ಕಲಿಸುವ ಪಾಠದಲ್ಲೇ ಇದನ್ನೂ ಕಲಿಸಿ. ಫೋಟೊಗ್ರಾಫರುಗಳು ಕಾರ್ಡಿನಿಂದ ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಎರಡನ್ನೂ ಎಜೆಕ್ಟ್ ಮಾಡಿ, ಮತ್ತೆ ಸಿಕ್ಕಿಸಿ ನಾಲ್ಕಾರು ಚಿತ್ರ ತೆರೆದು ನೋಡುವ ತನಕ ಆ ಕಾರ್ಡನ್ನು ಅಳಿಸಬಾರದು.